ಕಬ್ಬಿನ ನಾಡಿನಿಂದ ಶುದ್ಧ ಇಂಧನದ ಮಾತು

(ಶಾಲೆಯ ಸುವರ್ಣ ಮಹೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಸಂಘಟಕರು ನನಗೆ ಕೊಟ್ಟ ವಿಷಯ ‘ನಗರಗಳ ವಾಯು ಮಾಲಿನ್ಯ ಮತ್ತು ಶುದ್ಧ ಇಂಧನ’. ಸಾರಿಗೆ ಸಂಸ್ಥೆಯ ಘಟಕದ ಕಾರ್ಯಾಗಾರದಲ್ಲಿ ಡೀಸೆಲ್ ಎಂಜಿನ್ ಬಿಚ್ಚಿ ಕಟ್ಟುವ ಕೆಲಸದಲ್ಲೇ ನನ್ನ ನೌಕರಿ ಕಳೆಯಿತು. ಆದ್ದರಿಂದ ಹೊಗೆಯ ಬಗ್ಗೆ ನಾಲ್ಕು ಮಾತು ಆಡಬಲ್ಲೆ ಎಂದು ಅವರು ನಂಬಿದ್ದಾರೆ. ಆದರೆ ‘ನಗರ’ ಎಂದ ಕೂಡಲೇ ಮಕ್ಕಳು ದೆಹಲಿ, ಬೆಂಗಳೂರು ಎಂದುಕೊಂಡು ಸುಮ್ಮನಾಗಬಾರದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ನಮ್ಮ ಐದು ತಾಲೂಕುಗಳಿಗೂ ಆ ದೊಡ್ಡ ನಗರಗಳ ಗಾಳಿಗೂ ನಂಟಿದೆ. ಅವರ ವಾಹನದ ಟ್ಯಾಂಕಿಗೆ ಹೋಗುವ ಶುದ್ಧ ಇಂಧನದಲ್ಲಿ ನಮ್ಮ ಹೊಲದ ಪಾಲಿದೆ. ಆ ಇಂಧನ ತಯಾರಾಗುವಾಗ ನಮ್ಮ ಗಾಳಿಗೆ ಏನಾಗುತ್ತದೆ ಎಂಬ ಲೆಕ್ಕವನ್ನು ಮಾತ್ರ ಯಾರೂ ಬರೆಯುತ್ತಿಲ್ಲ. ಇವತ್ತು ಆ ಲೆಕ್ಕ ಬರೆಯೋಣ.

ಮೊದಲು ಐವತ್ತು ವರ್ಷದ ಹಿಂದಿನ ಮಾತು. ನಮ್ಮ ಶಾಲೆ ಬಾಗಿಲು ತೆರೆದ 1975ರಲ್ಲಿ ಪೆಟ್ರೋಲಿನಲ್ಲಿ ಸೀಸ ಬೆರೆಸುತ್ತಿದ್ದರು. ಎಂಜಿನ್ ಬಡಿದುಕೊಳ್ಳದೆ ಮೆತ್ತಗೆ ಓಡಲಿ ಎಂಬುದು ಅದರ ಉದ್ದೇಶ. ಆ ಸೀಸ ಹೊಗೆಯಲ್ಲಿ ಹೊರಬಂದು ರಸ್ತೆಯ ಧೂಳಿನಲ್ಲಿ ಸೇರುತ್ತಿತ್ತು. ಸೀಸ ಬೆಳೆಯುವ ಮಕ್ಕಳ ಮಿದುಳಿಗೆ ವಿಷ. ಅದು ಕಲಿಯುವ ಶಕ್ತಿಯನ್ನೇ ಕುಂದಿಸುತ್ತದೆ. ಡೀಸೆಲ್‌ನಲ್ಲಿ ಆಗ ಶೇಕಡಾ 1ರವರೆಗೆ ಗಂಧಕ ಇರಲು ಅನುಮತಿಯಿತ್ತು. ಅಂದರೆ ಹತ್ತು ಲಕ್ಷ ಭಾಗದಲ್ಲಿ ಹತ್ತು ಸಾವಿರ ಭಾಗ. ಇಂದು ನಮ್ಮ ಊರಿನ ಪಂಪಿನಲ್ಲಿ ಸಿಗುವ ಡೀಸೆಲ್‌ನಲ್ಲಿ ಹತ್ತು ಲಕ್ಷಕ್ಕೆ ಕೇವಲ 10 ಭಾಗ ಗಂಧಕವಿರಬಹುದು. ಸಾವಿರ ಪಟ್ಟು ಇಳಿದಿದೆ. ಪೆಟ್ರೋಲಿನ ಸೀಸ 2000ದ ಫೆಬ್ರವರಿ 1ರಿಂದ ಇಡೀ ದೇಶದಲ್ಲಿ ನಿಂತಿತು.

ಇದು ತಾನಾಗಿಯೇ ಆದದ್ದಲ್ಲ. ದೆಹಲಿಯ ಗಾಳಿಯ ಬಗ್ಗೆ ವಕೀಲ ಎಂ.ಸಿ. ಮೆಹ್ತಾ ಅವರು ಸುಪ್ರೀಂ ಕೋರ್ಟಿಗೆ ಹೋದರು. 1998ರ ಜುಲೈ 28ರಂದು ಕೋರ್ಟು ದೆಹಲಿಯ ಬಸ್ಸುಗಳೆಲ್ಲ ನೈಸರ್ಗಿಕ ಅನಿಲಕ್ಕೆ, ಅಂದರೆ ಸಿಎನ್‌ಜಿಗೆ ಬದಲಾಗಬೇಕೆಂದು ಆದೇಶಿಸಿತು. ಅನಿಲ ಸಿಗದು, ಬಸ್ಸು ಸಾಲದು ಎಂದು ಬಹಳ ಗದ್ದಲವಾಯಿತು. ಗಡುವು ಮುಂದೆ ಹೋಯಿತು. ಆದರೂ 2002ರ ಕೊನೆಯ ಹೊತ್ತಿಗೆ ಕೆಲಸ ಮುಗಿಯಿತು. ದೇಶದಲ್ಲಿ ಭಾರತ್ ಸ್ಟೇಜ್ ಎಂಬ ನಿಯಮಗಳೂ ಹಂತ ಹಂತವಾಗಿ ಬಂದವು. 2017ರ ಏಪ್ರಿಲಿನಲ್ಲಿ ನಾಲ್ಕನೆಯ ಹಂತ ದೇಶಕ್ಕೆಲ್ಲ ಅನ್ವಯವಾಯಿತು. ಐದನೆಯದನ್ನು ಬಿಟ್ಟು ಒಮ್ಮೆಲೇ ಆರಕ್ಕೆ ಹಾರಿದರು. 2020ರ ಏಪ್ರಿಲ್ 1ರಿಂದ ಬಿಎಸ್-6.

ಇಲ್ಲಿ ಮಕ್ಕಳು ಒಂದು ವಿಷಯ ಗಮನಿಸಬೇಕು. ಇಂಧನ ಮತ್ತು ಎಂಜಿನ್ ಎರಡೂ ಜೋಡೆತ್ತು ಇದ್ದ ಹಾಗೆ. ಒಂದು ಎತ್ತು ಮುಂದೆ, ಇನ್ನೊಂದು ಹಿಂದೆ ಎಳೆದರೆ ಬಂಡಿ ಸಾಗುವುದಿಲ್ಲ. ಕಾರಿನ ಹೊಗೆಕೊಳವೆಯಲ್ಲಿ ಕೆಟ್ಟ ಅನಿಲವನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಡಬ್ಬಿ ಇರುತ್ತದೆ. ಸೀಸ ತಾಗಿದರೆ ಆ ಡಬ್ಬಿ ಸತ್ತು ಹೋಗುತ್ತದೆ. ಆದ್ದರಿಂದ ಸೀಸ ಮೊದಲು ಹೋಗಲೇಬೇಕಿತ್ತು. ಹಾಗೆಯೇ ಹೊಸ ಡೀಸೆಲ್ ಬಸ್ಸಿನಲ್ಲಿ ಮಸಿಯನ್ನು ಹಿಡಿದಿಡುವ ಜರಡಿ ಇರುತ್ತದೆ. ಗಂಧಕ ಹೆಚ್ಚಿರುವ ಡೀಸೆಲ್ ಹಾಕಿದರೆ ಅದು ಬೇಗ ಕಟ್ಟಿಕೊಂಡು ಎಂಜಿನ್ ಉಸಿರುಗಟ್ಟುತ್ತದೆ. ಹೊಸ ಎಂಜಿನ್‌ಗೆ ಹಳೆಯ ಎಣ್ಣೆ ಹಾಕಿದರೆ ಎಂಜಿನ್ ಕೆಡುತ್ತದೆ. ಹಳೆಯ ಎಂಜಿನ್‌ಗೆ ಹೊಸ ಎಣ್ಣೆ ಹಾಕಿದರೆ ಸ್ವಲ್ಪವೇ ಲಾಭ. ಎರಡೂ ಕೂಡಿ ಬದಲಾದಾಗ ಮಾತ್ರ ಹೊಗೆ ಇಳಿಯುತ್ತದೆ. ಬಿಎಸ್-4ರಿಂದ ಬಿಎಸ್-6ಕ್ಕೆ ಬಂದಾಗ ಡೀಸೆಲ್ ಕಾರು ಒಂದು ಕಿಲೋಮೀಟರಿಗೆ ಉಗುಳಬಹುದಾದ ಮಸಿಯ ಮಿತಿ 25 ಮಿಲಿಗ್ರಾಂನಿಂದ 4.5 ಮಿಲಿಗ್ರಾಂಗೆ ಇಳಿಯಿತು.

ಇನ್ನೊಂದು ಸಂಗತಿ ಕೇಳಿದರೆ ರೈತರ ಮಕ್ಕಳಿಗೆ ಖುಷಿಯಾಗುತ್ತದೆ. ಹೊಸ ಬಸ್ಸು, ಲಾರಿಗಳಲ್ಲಿ ಡೀಸೆಲ್ ಟ್ಯಾಂಕಿನ ಪಕ್ಕ ಇನ್ನೊಂದು ಚಿಕ್ಕ ಟ್ಯಾಂಕು ಕಾಣುತ್ತದೆ. ಅದಕ್ಕೆ ನೀಲಿ ಮುಚ್ಚಳ. ಅದರಲ್ಲಿರುವುದು ಯೂರಿಯಾ ನೀರು. ನೂರು ಪಾಲಿನಲ್ಲಿ 32.5 ಪಾಲು ಯೂರಿಯಾ, ಉಳಿದದ್ದು ಶುದ್ಧೀಕರಿಸಿದ ನೀರು. ಬಿಸಿ ಹೊಗೆಗೆ ಅದನ್ನು ಸಿಂಪಡಿಸಿದಾಗ ಅಮೋನಿಯಾ ಹುಟ್ಟುತ್ತದೆ. ಅದು ನೈಟ್ರೋಜನ್ ಆಕ್ಸೈಡ್ ಎಂಬ ವಿಷದ ಅನಿಲವನ್ನು ನೀರಾವಿ ಮತ್ತು ಸಾಮಾನ್ಯ ಸಾರಜನಕವಾಗಿ ಒಡೆಯುತ್ತದೆ. ಹೊಲದಲ್ಲಿ ಬೆಳೆಗೆ ಹಾಕುವ ಯೂರಿಯಾ ಬಸ್ಸಿನಲ್ಲಿ ಹೊಗೆಗೆ ಮದ್ದು. ಹಾಗೆಂದು ಯಾರೂ ಗೊಬ್ಬರದ ಚೀಲ ಬಿಚ್ಚಿ ನೀರಿನಲ್ಲಿ ಕಲಸಿ ಹಾಕಬೇಡಿ. ಅದರ ಕಲ್ಮಶಕ್ಕೆ ಇಡೀ ಯಂತ್ರ ಹಾಳಾಗುತ್ತದೆ.

ಈಗ ನಮ್ಮ ಕಬ್ಬಿಗೆ ಬರೋಣ.

ನಮ್ಮ ಶಾಲೆ ಹುಟ್ಟಿದ ಅದೇ 1975ರ ನವೆಂಬರ್ 14ರಂದು ಬ್ರೆಜಿಲ್ ದೇಶ ಒಂದು ಯೋಜನೆ ಆರಂಭಿಸಿತು. ಎಣ್ಣೆಯ ಬೆಲೆ ಏರಿದ್ದರಿಂದ ಕಬ್ಬಿನಿಂದ ಮದ್ಯಸಾರ ತೆಗೆದು ಕಾರು ಓಡಿಸುವ ಯೋಜನೆ ಅದು. ನಾವು ಬಹಳ ತಡವಾಗಿ ಆ ದಾರಿ ಹಿಡಿದೆವು. ಆದರೆ ಹಿಡಿದಾಗ ಅದರ ಮೊದಲ ಹೆಜ್ಜೆ ಬಿದ್ದದ್ದು ನಮ್ಮ ಪಕ್ಕದಲ್ಲೇ. ಕಾಗವಾಡದಿಂದ ಗಡಿ ದಾಟಿದರೆ ಸಿಗುವ ಮಿರಜ, ಮಹಾರಾಷ್ಟ್ರದ್ದೇ ಆದ ಮನಮಾಡ, ಉತ್ತರ ಪ್ರದೇಶದ ಬರೇಲಿ, ಈ ಮೂರು ಕಡೆ 2001ರಲ್ಲಿ ಕೇಂದ್ರ ಸರ್ಕಾರ ಪೆಟ್ರೋಲಿಗೆ ಶೇಕಡಾ 5ರಷ್ಟು ಎಥನಾಲ್ ಬೆರೆಸುವ ಪ್ರಯೋಗ ನಡೆಸಿತು. 2003ರ ಜನವರಿಯಿಂದ ಒಂಬತ್ತು ರಾಜ್ಯಗಳಿಗೆ ಅದು ವಿಸ್ತರಿಸಿತು. ಕರ್ನಾಟಕವೂ ಅದರಲ್ಲಿತ್ತು. ಬಹಳ ವರ್ಷ ಆಮೆ ನಡಿಗೆ. 2013-14ರಲ್ಲಿ ದೇಶದ ಸರಾಸರಿ ಶೇಕಡಾ 1.53 ಮಾತ್ರ. ಅನಂತರ ವೇಗ ಬಂತು. 2022ರ ಜೂನ್‌ನಲ್ಲಿ ಶೇಕಡಾ 10 ಮುಟ್ಟಿತು. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಪ್ರಧಾನಿಯವರು ಶೇಕಡಾ 20ರ ಮಿಶ್ರಣವನ್ನು ಬಿಡುಗಡೆ ಮಾಡಿದರು. 2030ಕ್ಕೆಂದು ಇಟ್ಟಿದ್ದ ಆ ಗುರಿಯನ್ನು 2025ರಲ್ಲೇ ಮುಟ್ಟಿದೆವು.

ಕೃಷ್ಣೆ, ದೂಧಗಂಗೆ, ವೇದಗಂಗೆಯರ ನೀರು ಕುಡಿಯುವ ನಮ್ಮ ನೆಲದಲ್ಲಿ ಈ ಸಕ್ಕರೆಯ ಕಥೆ ಹೊಸದಲ್ಲ. ಇಂದಿನ ಕಾಗವಾಡ ತಾಲೂಕಿನ ಉಗಾರ ಖುರ್ದದ ಉಗಾರ ಶುಗರ್ ವರ್ಕ್ಸ್ 1939ರಲ್ಲಿ ಸ್ಥಾಪನೆಯಾದ ಕಂಪನಿ. ಆಮೇಲೆ ಸಹಕಾರಿ ತತ್ವದಲ್ಲಿ ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ ಕಾರ್ಖಾನೆಗಳು ಬಂದವು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಕಾಕಂಬಿಯನ್ನು ಹುಳಿಸಿ, ಬಟ್ಟಿ ಇಳಿಸಿ, ನೀರಿನಂಶ ಪೂರ್ತಿ ತೆಗೆದರೆ ಎಥನಾಲ್ ಸಿಗುತ್ತದೆ. ಸಕ್ಕರೆ ಮಾಡದೆ ನೇರವಾಗಿ ಕಬ್ಬಿನ ಹಾಲಿನಿಂದಲೂ ಮಾಡಬಹುದು. ಒಂದು ಟನ್ ಕಬ್ಬಿನಿಂದ ಸುಮಾರು 100 ಕಿಲೋ ಸಕ್ಕರೆ ಅಥವಾ ಸುಮಾರು 70 ಲೀಟರ್ ಎಥನಾಲ್ ಬರುತ್ತದೆ. ಸಕ್ಕರೆ ಗೋದಾಮಿನಲ್ಲಿ ತಿಂಗಳುಗಟ್ಟಲೆ ಕೂತರೆ ರೈತರ ಬಿಲ್ಲೂ ಕೂರುತ್ತದೆ. ಎಥನಾಲ್‌ಗೆ ತೈಲ ಕಂಪನಿಗಳೇ ಗಿರಾಕಿ, ಹಣ ಬೇಗ ಬರುತ್ತದೆ. ಈ ಲಾಭವನ್ನು ಅಲ್ಲಗಳೆಯಬಾರದು.

ಗಾಳಿಗೆ ಲಾಭವೇನು? ಎಥನಾಲ್‌ನ ಅಣುವಿನಲ್ಲೇ ಆಮ್ಲಜನಕ ಇದೆ. ಆದ್ದರಿಂದ ಪೆಟ್ರೋಲು ಹೆಚ್ಚು ಪೂರ್ಣವಾಗಿ ಉರಿಯುತ್ತದೆ. ನೀತಿ ಆಯೋಗ 2021ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ಶೇಕಡಾ 20ರ ಮಿಶ್ರಣದಿಂದ ಕಾರ್ಬನ್ ಮಾನಾಕ್ಸೈಡ್ ದ್ವಿಚಕ್ರ ವಾಹನಗಳಲ್ಲಿ ಅರ್ಧದಷ್ಟು, ಕಾರುಗಳಲ್ಲಿ ಶೇಕಡಾ 30ರಷ್ಟು ಕಡಿಮೆಯಾಗುತ್ತದೆ. ಉರಿಯದೆ ಉಳಿಯುವ ಹೈಡ್ರೋಕಾರ್ಬನ್ ಶೇಕಡಾ 20ರಷ್ಟು ಇಳಿಯುತ್ತದೆ. ನಮ್ಮ ದೇಶದ ರಸ್ತೆಗಳಲ್ಲಿ ದ್ವಿಚಕ್ರ ವಾಹನಗಳೇ ಹೆಚ್ಚು. ಹೀಗಾಗಿ ಇದು ಸಣ್ಣ ಮಾತಲ್ಲ.

ಆದರೆ ಅದೇ ಮಾರ್ಗಸೂಚಿ ಇನ್ನೂ ಕೆಲವು ಮಾತು ಹೇಳುತ್ತದೆ. ಅವನ್ನೂ ಕೇಳಬೇಕು. ನೈಟ್ರೋಜನ್ ಆಕ್ಸೈಡ್ ವಿಷಯದಲ್ಲಿ ಸ್ಪಷ್ಟವಾದ ಇಳಿಕೆ ಇಲ್ಲ. ಅಸಿಟಾಲ್ಡಿಹೈಡ್ ಎಂಬ ಕಣ್ಣುರಿ ತರುವ ವಸ್ತು ಹೆಚ್ಚಾಗುತ್ತದೆ. ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ ಶಕ್ತಿ ಇರುವುದರಿಂದ, ಅದಕ್ಕಾಗಿ ತಯಾರಾಗದ ಹಳೆಯ ಕಾರುಗಳಲ್ಲಿ ಮೈಲೇಜು ಶೇಕಡಾ 6ರಿಂದ 7, ಹಳೆಯ ಬೈಕುಗಳಲ್ಲಿ ಶೇಕಡಾ 3ರಿಂದ 4 ಇಳಿಯಬಹುದು. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಹಳೆಯ ಬೈಕಿನ ರಬ್ಬರ್ ಪೈಪು, ಸೀಲುಗಳನ್ನು ಆಗಾಗ ನೋಡಿ ಬದಲಾಯಿಸಿಕೊಳ್ಳಿ. ಟ್ಯಾಂಕಿನ ಮುಚ್ಚಳ ಬಿಗಿಯಾಗಿರಲಿ. ಮಳೆಗಾಲದಲ್ಲಿ ಬೈಕನ್ನು ಬಯಲಿನಲ್ಲಿ ನಿಲ್ಲಿಸಬೇಡಿ. ಇಷ್ಟು ಮಾಡಿದರೆ ಹೆದರುವ ಕಾರಣವಿಲ್ಲ.

ಇಲ್ಲಿಯವರೆಗೆ ಟ್ಯಾಂಕಿನಿಂದ ಮುಂದಿನ ಮಾತಾಯಿತು. ಟ್ಯಾಂಕಿಗೆ ಬರುವ ಮೊದಲು ಏನಾಯಿತು? ಅದೇ ನಮ್ಮ ಪಾಲಿನ ಮಾತು. ಮೂರು ಸಂಗತಿ ಹೇಳುತ್ತೇನೆ. ಹೊಲದ ಬೆಂಕಿ, ರಸ್ತೆಯ ಹೊಗೆ, ನೀರು.

ಮೊದಲನೆಯದು ರವದಿ. ಕಬ್ಬು ಕಡಿದ ಮೇಲೆ ಹೊಲದಲ್ಲಿ ಒಣಗಿದ ಸೋಗೆ ದಪ್ಪ ಹಾಸಿಗೆಯಂತೆ ಬೀಳುತ್ತದೆ. ಎಕರೆಗೆ ಮೂರು ನಾಲ್ಕು ಟನ್ ಬಂದೀತು. ಸಂಜೆ ಕಡ್ಡಿ ಗೀರಿದರೆ ಅರ್ಧ ಗಂಟೆಯಲ್ಲಿ ಹೊಲ ಸ್ವಚ್ಛ. ಆದರೆ ಕಬ್ಬಿನ ಹಂಗಾಮು ಚಳಿಗಾಲದ್ದು. ಚಳಿಗಾಲದ ರಾತ್ರಿ ನೆಲದ ಹತ್ತಿರ ತಣ್ಣನೆಯ ಗಾಳಿ, ಅದರ ಮೇಲೆ ಬೆಚ್ಚನೆಯ ಗಾಳಿಯ ಮುಚ್ಚಳ. ಹೊಗೆ ಮೇಲೆ ಏರಲಾರದೆ ತಗ್ಗಿನಲ್ಲಿ ನಿಲ್ಲುತ್ತದೆ. ಬೆಳಿಗ್ಗೆ ನೀವು ಸೈಕಲ್ ಮೇಲೆ ಶಾಲೆಗೆ ಬರುವಾಗ ಮಂಜು ಎಂದುಕೊಂಡು ಉಸಿರಾಡುವುದರಲ್ಲಿ ಅರ್ಧ ಮಂಜು, ಅರ್ಧ ನಿನ್ನೆಯ ಹೊಗೆ ಇರಬಹುದು. ಅದರಲ್ಲಿ 2.5 ಮೈಕ್ರಾನಿಗಿಂತ ಸಣ್ಣ ಕಣಗಳಿರುತ್ತವೆ. ತಲೆಕೂದಲಿನ ದಪ್ಪಕ್ಕೆ ಹೋಲಿಸಿದರೆ ಇಪ್ಪತ್ತನೇ ಒಂದು ಪಾಲಿನಷ್ಟು. ಮೂಗು ಅವನ್ನು ತಡೆಯಲಾರದು. ಅವು ಪುಪ್ಪುಸದ ಆಳಕ್ಕೆ, ಅಲ್ಲಿಂದ ರಕ್ತಕ್ಕೆ ಇಳಿಯುತ್ತವೆ. ಅಸ್ತಮಾ ಇರುವ ಮಗು, ವಯಸ್ಸಾದ ಅಜ್ಜ, ಬಸುರಿ ಹೆಂಗಸು, ಇವರಿಗೆ ಇದರಿಂದ ಹೆಚ್ಚು ತೊಂದರೆ.

ರೈತರನ್ನು ಬಯ್ಯುವುದು ಸುಲಭ. ಅವರು ಯಾಕೆ ಸುಡುತ್ತಾರೆ ಎಂದು ಕೇಳುವುದು ಮುಖ್ಯ. ಕೂಳೆ ಕಬ್ಬು ಬೇಗ ಚಿಗುರಬೇಕು, ನೀರು ಹಾಯಿಸಲು ಸಾಲು ತೆರವಾಗಬೇಕು, ಆಳು ಸಿಗುವುದಿಲ್ಲ, ಹಾವಿನ ಭಯ, ಪಕ್ಕದ ಹೊಲದವರು ಹಚ್ಚಿದ ಬೆಂಕಿ ತಮ್ಮ ಬೆಳೆದ ಕಬ್ಬಿಗೆ ತಾಗುವ ಭಯ. ಇವೆಲ್ಲ ನಿಜವಾದ ಕಾರಣಗಳು. ಆದರೆ ಸುಡುವಾಗ ಗೊಬ್ಬರವೂ ಸುಡುತ್ತದೆ. ರವದಿಯಲ್ಲಿರುವ ಸಾರಜನಕ ಹೊಗೆಯಾಗಿ ಹೋಗುತ್ತದೆ, ಮೇಲ್ಮಣ್ಣಿನ ಜೀವಿಗಳು ಸಾಯುತ್ತವೆ, ಎರೆಹುಳು ಉಳಿಯುವುದಿಲ್ಲ. ಟ್ರ್ಯಾಕ್ಟರಿಗೆ ಕಟ್ಟುವ ರವದಿ ಪುಡಿ ಮಾಡುವ ಯಂತ್ರ ಇಂದು ಸಿಗುತ್ತದೆ. ಪುಡಿ ಮಾಡಿದ ರವದಿಯನ್ನು ಸಾಲಿನಲ್ಲಿ ಹರಡಿದರೆ ಕಳೆ ಕಡಿಮೆ, ತೇವ ಹೆಚ್ಚು ದಿನ ಉಳಿಯುತ್ತದೆ. ಯಂತ್ರ ಸಿಗದಿದ್ದರೆ ಸಾಲು ಬಿಟ್ಟು ಸಾಲಿಗೆ ರವದಿ ಎಳೆದು ಹಾಕಿ ಉಳಿದ ಸಾಲಿಗೆ ನೀರು ಕೊಡಬಹುದು. ಒಬ್ಬ ಸಣ್ಣ ರೈತನಿಗೆ ಯಂತ್ರ ಕೊಳ್ಳುವುದು ಕಷ್ಟ. ಕಾರ್ಖಾನೆಯ ಕಬ್ಬು ವಿಭಾಗ, ಪ್ರಾಥಮಿಕ ಕೃಷಿ ಪತ್ತಿನ ಸಂಘ, ಗ್ರಾಮ ಪಂಚಾಯಿತಿ ಸೇರಿ ಊರಿಗೊಂದು ಯಂತ್ರ ಇಟ್ಟರೆ ಸಾಧ್ಯ. ಶುದ್ಧ ಇಂಧನದಿಂದ ಬರುವ ಹಣದಲ್ಲಿ ಇದಕ್ಕೂ ಒಂದು ಪಾಲು ಮೀಸಲಾಗಬೇಕು ಎಂಬುದು ನನ್ನ ವಿನಂತಿ.

ಬ್ರೆಜಿಲ್‌ನಲ್ಲೂ ಇದೇ ಸಮಸ್ಯೆ ಇತ್ತು. ಅಲ್ಲಿ ಕಡಿಯುವ ಮೊದಲೇ ನಿಂತ ಕಬ್ಬಿಗೆ ಬೆಂಕಿ ಹಚ್ಚುತ್ತಿದ್ದರು. ಸಾವೊ ಪೌಲೊ ರಾಜ್ಯ 2002ರಲ್ಲಿ ಇದನ್ನು ಹಂತ ಹಂತವಾಗಿ ನಿಲ್ಲಿಸುವ ಕಾನೂನು ಮಾಡಿತು. 2007ರಲ್ಲಿ ಸರ್ಕಾರ ಮತ್ತು ಕಾರ್ಖಾನೆಗಳು ಒಪ್ಪಂದ ಮಾಡಿಕೊಂಡು ಯಂತ್ರ ಹೋಗಬಲ್ಲ ಹೊಲಗಳಿಗೆ 2014ರ, ಉಳಿದವುಗಳಿಗೆ 2017ರ ಗಡುವು ಹಾಕಿಕೊಂಡವು. ಬೆಂಕಿ ಬಹುಮಟ್ಟಿಗೆ ನಿಂತಿತು. ಆದರೆ ಯಂತ್ರ ಬಂದಾಗ ಕೈಯಿಂದ ಕಡಿಯುವ ಕೂಲಿಕಾರರು ಕೆಲಸ ಕಳೆದುಕೊಂಡರು. ನಮ್ಮಲ್ಲಿ ಪ್ರತಿ ಹಂಗಾಮಿಗೆ ದೂರದಿಂದ ಮಕ್ಕಳು ಮರಿ ಕಟ್ಟಿಕೊಂಡು ಬಂದು ಗುಡಿಸಲು ಹಾಕುವ ಕಬ್ಬು ಕಡಿಯುವ ಗ್ಯಾಂಗಿನವರನ್ನು ನೀವು ನೋಡಿದ್ದೀರಿ. ಅವರ ಮಕ್ಕಳು ಆ ಹೊಗೆಯ ನಡುವೆಯೇ ಮಲಗುತ್ತಾರೆ. ನಾವು ದಾರಿ ಹುಡುಕುವಾಗ ಅವರ ಅನ್ನವನ್ನೂ ಅವರ ಉಸಿರನ್ನೂ ಎರಡನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಎರಡನೆಯದು ರಸ್ತೆಯ ಹೊಗೆ. ಕಬ್ಬು ಹೊಲದಿಂದ ಕಾರ್ಖಾನೆಗೆ ಬರುವುದು ಎರಡು ಟ್ರೇಲರ್ ಜೋಡಿಸಿದ ಟ್ರ್ಯಾಕ್ಟರಿನಲ್ಲಿ, ಲಾರಿಯಲ್ಲಿ, ಎತ್ತಿನ ಬಂಡಿಯಲ್ಲಿ. ಎತ್ತಿನ ಬಂಡಿಗೆ ಹೊಗೆಯಿಲ್ಲ. ಲಾರಿ, ಟ್ರ್ಯಾಕ್ಟರು ಓಡುವುದು ಡೀಸೆಲ್ ಮೇಲೆ. ಎಥನಾಲ್ ಬೆರೆಸುವುದು ಪೆಟ್ರೋಲಿಗೆ ಮಾತ್ರ. ಹಾಗಾಗಿ ಕಬ್ಬು ಹೊತ್ತು ತರುವ ಟ್ರ್ಯಾಕ್ಟರಿನ ಟ್ಯಾಂಕಿನಲ್ಲಿ ಕಬ್ಬಿನ ಇಂಧನ ಒಂದು ಹನಿಯೂ ಇಲ್ಲ.

ಇನ್ನೂ ಒಂದು ಮಾತು. ಬಿಎಸ್-6 ನಿಯಮ ಬಸ್ಸು, ಲಾರಿ, ಕಾರು, ಬೈಕಿಗೆ ಅನ್ವಯ. ಟ್ರ್ಯಾಕ್ಟರಿಗೆ ಟ್ರೆಮ್ ಎಂಬ ಬೇರೆ ನಿಯಮವಿದೆ. 2023ರ ಜನವರಿಯಿಂದ 50 ಅಶ್ವಶಕ್ತಿಗಿಂತ ದೊಡ್ಡ ಟ್ರ್ಯಾಕ್ಟರುಗಳಿಗೆ ಬಿಗಿಯಾದ ನಾಲ್ಕನೆಯ ಹಂತ ಬಂದಿದೆ. ನಮ್ಮ ಕಡೆ ಓಡುವ ಬಹುಪಾಲು ಟ್ರ್ಯಾಕ್ಟರು ಅದಕ್ಕಿಂತ ಚಿಕ್ಕವು. ಅವು ಹಳೆಯ ಹಂತದಲ್ಲೇ ಇವೆ. ಎಂಜಿನ್ ಒಂದು ಯೂನಿಟ್ ಕೆಲಸ ಮಾಡಿದಾಗ ಬಿಎಸ್-6 ಲಾರಿ 0.01 ಗ್ರಾಂ ಮಸಿ ಬಿಡಬಹುದು. ಆ ಚಿಕ್ಕ ಟ್ರ್ಯಾಕ್ಟರಿಗೆ 0.6 ಗ್ರಾಂವರೆಗೆ ಅನುಮತಿ. ಅರವತ್ತು ಪಟ್ಟು. ಹೊಲದಲ್ಲಿ ಉಳುವಾಗ ಅದು ಗಾಳಿಯಲ್ಲಿ ಕರಗಿ ಹೋದೀತು. ಆದರೆ ಹಂಗಾಮಿನ ನಾಲ್ಕೈದು ತಿಂಗಳು ಅದೇ ಟ್ರ್ಯಾಕ್ಟರು ಊರೊಳಗೆ, ಪೇಟೆಯೊಳಗೆ, ಶಾಲೆಯ ಮುಂದೆ ಲಾರಿಯ ಕೆಲಸ ಮಾಡುತ್ತದೆ. ಕಾನೂನಿನ ಪುಸ್ತಕದಲ್ಲಿ ಅದು ಕೃಷಿ ಯಂತ್ರ, ನಮ್ಮ ರಸ್ತೆಯಲ್ಲಿ ಅದು ಸರಕು ವಾಹನ. ಈ ವ್ಯತ್ಯಾಸದ ಹೊಗೆಯನ್ನು ಕುಡಿಯುವವರು ನೀವು.

ನಿಯಮ ಬದಲಾಗುವವರೆಗೆ ಟ್ರ್ಯಾಕ್ಟರ್ ಮಾಲೀಕರಿಗೆ ನನ್ನ ಕೆಲವು ಮಾತು. ಕಪ್ಪು ಹೊಗೆ ಎಂದರೆ ಉರಿಯದ ಡೀಸೆಲ್, ಅಂದರೆ ನಿಮ್ಮ ಜೇಬಿನ ಹಣ. ಹಂಗಾಮಿನ ಧೂಳಿನಲ್ಲಿ ಏರ್ ಫಿಲ್ಟರ್ ದಿನವೂ ನೋಡಬೇಕು. ಅದು ಕಟ್ಟಿಕೊಂಡರೆ ಎಂಜಿನ್‌ಗೆ ಗಾಳಿ ಸಾಲದು, ಹೊಗೆ ಕಪ್ಪಾಗುತ್ತದೆ. ಇಂಜೆಕ್ಟರ್ ತುದಿ ಸವೆದರೆ ಎಣ್ಣೆ ಮಂಜಿನಂತೆ ಸಿಡಿಯುವ ಬದಲು ಹನಿ ಹನಿಯಾಗಿ ಬೀಳುತ್ತದೆ. ಹಂಗಾಮಿನ ಮೊದಲು ಪಂಪು, ಇಂಜೆಕ್ಟರ್ ತಪಾಸಣೆ ಮಾಡಿಸಿ. ಹೆಚ್ಚು ಎಳೆಯಲಿ ಎಂದು ಪಂಪಿನ ಸ್ಕ್ರೂ ತಿರುಗಿಸಿ ಎಣ್ಣೆ ಹೆಚ್ಚಿಸುವ ಚಟ ಬಿಡಿ. ಕಾರ್ಖಾನೆಯ ಯಾರ್ಡಿನಲ್ಲಿ ಗಂಟೆಗಟ್ಟಲೆ ಸರತಿ ನಿಂತಾಗ ಎಂಜಿನ್ ಬಂದ್ ಮಾಡಿ. ಕಾರ್ಖಾನೆಯವರೂ ಕಡಿತದ ಪಾಳಿಯನ್ನು ಸರಿಯಾಗಿ ಹಂಚಿದರೆ ಸರತಿ ಗಿಡ್ಡವಾಗುತ್ತದೆ, ಕಬ್ಬಿನ ತೂಕವೂ ಉಳಿಯುತ್ತದೆ.

ಮೂರನೆಯದು ನೀರು. ಇದು ಗಾಳಿಯ ಮಾತಲ್ಲ ಎನ್ನಬೇಡಿ. ಕಬ್ಬಿನಿಂದ ಒಂದು ಲೀಟರ್ ಎಥನಾಲ್ ಬರಬೇಕಾದರೆ ಹೊಲದಲ್ಲಿ ಸುಮಾರು 2860 ಲೀಟರ್ ನೀರು ಬೇಕು ಎಂದು ಅದೇ ನೀತಿ ಆಯೋಗದ ಮಾರ್ಗಸೂಚಿ ಲೆಕ್ಕ ಹಾಕಿದೆ. ಅಥಣಿ, ರಾಯಬಾಗದ ಒಣ ಭಾಗದವರಿಗೆ ಈ ಸಂಖ್ಯೆಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. 2023ರಲ್ಲಿ ಮಳೆ ಕೈಕೊಟ್ಟು ಸಕ್ಕರೆ ಕೊರತೆಯ ಭಯ ಬಂದಾಗ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಬ್ಬಿನ ಹಾಲಿನಿಂದ ಎಥನಾಲ್ ಮಾಡುವುದಕ್ಕೆ ತಡೆ ಹಾಕಿತು. ಮುಂದಿನ ವರ್ಷ ತಡೆ ತೆರವಾಯಿತು. ಮಳೆಯನ್ನು ನಂಬಿದ ಇಂಧನಕ್ಕೆ ಮಳೆಯದೇ ಮಿತಿ ಇದೆ ಎಂದು ಇದರಿಂದ ತಿಳಿಯುತ್ತದೆ. ಹನಿ ನೀರಾವರಿ ಮತ್ತು ರವದಿಯ ಹೊದಿಕೆ ಎರಡೂ ಸೇರಿದರೆ ನೀರು ಉಳಿಯುತ್ತದೆ, ಬೆಂಕಿಯೂ ತಪ್ಪುತ್ತದೆ.

ಹಾಗಾದರೆ ಎಥನಾಲ್ ಬೇಡವೇ? ಬೇಕು. ಆದರೆ ಅದೊಂದೇ ಸಾಲದು. ಕಬ್ಬಿನ ತ್ಯಾಜ್ಯದಲ್ಲೇ ಇನ್ನೊಂದು ಇಂಧನ ಅಡಗಿದೆ. ಹಾಲು ಸೋಸಿದ ಮೇಲೆ ಉಳಿಯುವ ಪ್ರೆಸ್‌ಮಡ್ಡನ್ನು ಸೆಗಣಿ ಗ್ಯಾಸಿನ ಹಾಗೆ ಕೊಳೆಸಿದರೆ ಮೀಥೇನ್ ಬರುತ್ತದೆ. ಅದನ್ನು ಶುದ್ಧ ಮಾಡಿ ಒತ್ತಿ ತುಂಬಿದರೆ ಸಿಎನ್‌ಜಿ ವಾಹನಕ್ಕೆ ಹಾಕಬಹುದು. ಇಂಥ ಅನಿಲವನ್ನು ತೈಲ ಕಂಪನಿಗಳು ಕೊಳ್ಳುವ ಯೋಜನೆ 2018ರ ಅಕ್ಟೋಬರಿನಲ್ಲಿ ಆರಂಭವಾಗಿದೆ. ಕಬ್ಬಿನ ಗಾಡಿಗಳು ಕಬ್ಬಿನ ಅನಿಲದಿಂದಲೇ ಓಡುವ ದಿನ ಬಂದರೆ ಆಗ ನಮ್ಮ ಲೆಕ್ಕ ಸರಿಹೋಗುತ್ತದೆ. ವಿದ್ಯುತ್ ವಾಹನಗಳ ದಾರಿಯೂ ಇದೆ. 2017ರಲ್ಲಿ ವಿದ್ಯುತ್ ವಾಹನ ನೀತಿಯನ್ನು ದೇಶದಲ್ಲೇ ಮೊದಲು ತಂದದ್ದು ನಮ್ಮ ರಾಜ್ಯ. ದಿನಕ್ಕೆ ಹತ್ತಿಪ್ಪತ್ತು ಕಿಲೋಮೀಟರ್ ಓಡಾಡುವ ಹಾಲಿನವರಿಗೆ, ಶಿಕ್ಷಕರಿಗೆ, ಅಂಗಡಿಯವರಿಗೆ ವಿದ್ಯುತ್ ಸ್ಕೂಟರ್ ಚೆನ್ನಾಗಿಯೇ ಒದಗುತ್ತದೆ.

ಇವೆಲ್ಲಕ್ಕಿಂತ ಅಗ್ಗದ ಶುದ್ಧ ವಾಹನ ಒಂದಿದೆ. ಅದು ತುಂಬಿದ ಬಸ್ಸು. ಲೆಕ್ಕ ಮಾಡಿ. 50 ಜನರ ಬಸ್ಸು ಒಂದು ಲೀಟರಿಗೆ 5 ಕಿಲೋಮೀಟರ್ ಓಡುತ್ತದೆ ಎಂದು ಹಿಡಿಯಿರಿ. ಅದೇ 50 ಜನ ಇಬ್ಬಿಬ್ಬರಂತೆ 25 ಬೈಕುಗಳಲ್ಲಿ ಹೋದರೆ, ಬೈಕು ಲೀಟರಿಗೆ 50 ಕಿಲೋಮೀಟರ್ ಕೊಟ್ಟರೂ ಆ 5 ಕಿಲೋಮೀಟರಿಗೆ ಎರಡೂವರೆ ಲೀಟರ್ ಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚಿಲ್ಲ. ಬಸ್ಸು ಹೊತ್ತಿಗೆ ಸರಿಯಾಗಿ ಬರಲಿ, ಹಳ್ಳಿಗೆ ಒಂದು ಓಡಾಟ ಹೆಚ್ಚಾಗಲಿ ಎಂದು ಕೇಳುವುದು ಕೂಡ ಶುದ್ಧ ಗಾಳಿಯ ಕೆಲಸವೇ.

ಕೊನೆಯ ಮಾತು ಮಕ್ಕಳಿಗೆ. 2019ರ ಜನವರಿಯಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮ ಆರಂಭಿಸಿತು. ಕರ್ನಾಟಕದಿಂದ ಅದರ ಪಟ್ಟಿಯಲ್ಲಿರುವುದು ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ, ಈ ನಾಲ್ಕು. ನಿಪ್ಪಾಣಿಯ ಹೆದ್ದಾರಿಯಾಗಲಿ, ಚಿಕ್ಕೋಡಿಯ ಬಸ್ ನಿಲ್ದಾಣವಾಗಲಿ, ನಮ್ಮ ಊರಾಗಲಿ ಆ ಪಟ್ಟಿಯಲ್ಲಿಲ್ಲ. ಅಳೆಯದ ಗಾಳಿ ಕಾಗದದ ಮೇಲೆ ಸದಾ ಶುದ್ಧವೇ. ಆದ್ದರಿಂದ ಅಳೆಯುವ ಕೆಲಸವನ್ನು ನೀವೇ ಆರಂಭಿಸಿ. ದುಬಾರಿ ಯಂತ್ರ ಬೇಡ. ಒಂದು ನೋಟುಬುಕ್ ಸಾಕು. ಹಂಗಾಮು ಆರಂಭವಾದ ದಿನದಿಂದ ಮುಗಿಯುವವರೆಗೆ ದಿನವೂ ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ನಾಲ್ಕು ಸಂಗತಿ ಬರೆಯಿರಿ. ಊರ ಗುಡಿಯ ಶಿಖರ ಇಲ್ಲಿಂದ ಸ್ಪಷ್ಟವಾಗಿ ಕಾಣುತ್ತದೆಯೇ, ನಿನ್ನೆ ಎಷ್ಟು ಹೊಲದಲ್ಲಿ ರವದಿ ಉರಿಯಿತು, ಹತ್ತು ನಿಮಿಷದಲ್ಲಿ ಶಾಲೆಯ ಮುಂದೆ ಎಷ್ಟು ಟ್ರ್ಯಾಕ್ಟರು ಹೋದವು, ತರಗತಿಯಲ್ಲಿ ಎಷ್ಟು ಮಕ್ಕಳಿಗೆ ಕೆಮ್ಮು ಇದೆ. ಕಿಟಕಿಯ ಮೇಲೆ ಬಿಳಿ ಕಾಗದಕ್ಕೆ ವ್ಯಾಸಲಿನ್ ಸವರಿ ವಾರಕ್ಕೊಮ್ಮೆ ಬದಲಾಯಿಸಿ. ಅಂಟಿದ ಕರಿಯನ್ನು ಅದೇ ಪುಸ್ತಕಕ್ಕೆ ಅಂಟಿಸಿ ದಿನಾಂಕ ಹಾಕಿ. ವಿಜ್ಞಾನ ಶಿಕ್ಷಕರು ಇದನ್ನು ಪ್ರತಿ ವರ್ಷದ ಯೋಜನಾ ಕಾರ್ಯವಾಗಿ ಮಾಡಿಸಲಿ. ಐದು ವರ್ಷದ ಇಂಥ ಪುಸ್ತಕ ಕೈಯಲ್ಲಿದ್ದರೆ ಗ್ರಾಮಸಭೆಯಲ್ಲಿ ರವದಿ ಯಂತ್ರ ಕೇಳಲು, ಕಾರ್ಖಾನೆಯ ವಾರ್ಷಿಕ ಸಭೆಯಲ್ಲಿ ನಿಮ್ಮ ತಂದೆ ಎದ್ದು ನಿಂತು ಪ್ರಶ್ನೆ ಕೇಳಲು ಅದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ. ಸಹಕಾರಿ ಕಾರ್ಖಾನೆಯಲ್ಲಿ ಶೇರುದಾರ ರೈತನೇ ಮಾಲೀಕ. ಮಾಲೀಕ ಕೇಳಿದರೆ ಉತ್ತರ ಕೊಡಲೇಬೇಕು.

ನಮ್ಮ ಕಬ್ಬಿನಿಂದ ದೂರದ ನಗರದ ಮಗುವಿನ ಉಸಿರು ಹಗುರವಾಗುತ್ತದೆ ಎಂದರೆ ಅದು ನಮಗೆ ಹೆಮ್ಮೆಯ ಸಂಗತಿ. ಆ ಹೆಮ್ಮೆ ಪೂರ್ತಿಯಾಗಬೇಕಾದರೆ ಕಬ್ಬು ಬೆಳೆದ ಮನೆಯ ಮಗುವಿಗೂ ಅದೇ ಗಾಳಿ ಸಿಗಬೇಕು. ಈ ಶಾಲೆಯಲ್ಲಿ ಓದಿದವರು ಕಾರ್ಖಾನೆಯಲ್ಲಿದ್ದಾರೆ, ಪಂಚಾಯಿತಿಯಲ್ಲಿದ್ದಾರೆ, ಸಾರಿಗೆಯಲ್ಲಿದ್ದಾರೆ, ಹೊಲದಲ್ಲಿದ್ದಾರೆ. ಈ ಕೆಲಸಕ್ಕೆ ಹೊರಗಿನವರು ಬರಬೇಕಾಗಿಲ್ಲ.